ಐನೂರ ಹನ್ನೆರಡು

ಸೊನ್ನೆ ಇದ್ದರೆ ಪೆಂಗ್ ಯೂ-ಜೆನ್ ಸಹಿ ಹಾಕುತ್ತಾಳೆ, ಇಲ್ಲದಿದ್ದರೆ ಇಲ್ಲ. ಹ್ಸಿಂಚು ಊರಿನ ಆ ಕಾರ್ಖಾನೆಯಲ್ಲಿ ಹದಿನಾರು ವರ್ಷದಿಂದ ಅವಳ ಕೆಲಸ ಇಷ್ಟೇ ಎಂದು ಹೊಸಬರು ತಿಳಿದಿರುತ್ತಾರೆ. ಪಾಪ! ಆಸ್ಪತ್ರೆಯ ಹಾಸಿಗೆ ಪಕ್ಕ ನಿಂತು ಎದೆಬಡಿತ ತೋರಿಸುವ ಯಂತ್ರ ಯಾವುದೇ ಇರಲಿ, ಅವಳ ಮೇಜು ದಾಟದೆ ಲಾರಿ ಹತ್ತುವಂತಿಲ್ಲ.

ಆ ಶುಕ್ರವಾರ ಯಂತ್ರವೇನೋ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಒಳಗೆ ಕೂತು ಎಲ್ಲವನ್ನೂ ನಡೆಸುವ ಕರ್ನಲ್ ಎಂಬ ತಂತ್ರಾಂಶ ಇದೆಯಲ್ಲ, ಅದು ಕಳಂಕದ ಗುರುತಿನಲ್ಲಿ ಸೊನ್ನೆಯ ಬದಲು 512 ತೋರಿಸುತ್ತಿತ್ತು. ಅಂದರೆ, ಹಿಂದೆ ಯಾವಾಗಲೋ ಒಳಗೊಂದು ಎಡವಟ್ಟಾಗಿದೆ, ಎಚ್ಚರಿಕೆ ಕೊಟ್ಟು ಮುಂದೆ ಸಾಗಿದ್ದೇನೆ ಎಂದು. ಏನು ಎಡವಟ್ಟು? ಅದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ಹೇಳಬೇಕಿದ್ದ ದಾಖಲೆಯ ಹಳೆಯ ಸಾಲುಗಳು, ಮೇಲೆ ಹೊಸವು ಬಂದು, ಅಳಿಸಿಹೋಗಿದ್ದವು. ಅವನ್ನೆಲ್ಲ ಹಿಡಿದಿಡಬೇಕಿದ್ದ ಲ್ಯಾಪ್‌ಟಾಪ್ ಸತ್ತು ಮಲಗಿತ್ತು.

"ಇದ್ರ ಪ್ಲಗ್ ಯಾರ್ ಕಿತ್ತಿದ್ದು?"

ಜೋಡಣೆ ವಿಭಾಗದ ಸಿಯೂ-ಮೇ ಅಕ್ಕ ಗೋಡೆ ನೋಡಿದಳು. "ನಿನ್ನೆ ಊಟದ ಡಬ್ಬಿ ಬಿಸಿ ಮಾಡೋ ಪೆಟ್ಟಿಗೆಗೆ ಜಾಗ ಇರ್ಲಿಲ್ಲ ಕಣೇ. ನಿನ್ ಡಬ್ಬೀನೂ ಅದ್ರಲ್ಲೇ ಇತ್ತಲ್ಲ! ಬಿಸಿಬಿಸಿ ತಿನ್ನೋವಾಗ ಕೇಳ್ಲಿಲ್ಲ, ಈಗ ಕೇಳ್ತಾಳೆ."

ಅಷ್ಟರಲ್ಲಿ ಮ್ಯಾನೇಜರ್ ಫಾನ್ ಬಂದ. "ಯೂ-ಜೆನ್ ಅಕ್ಕಾ, ಆಫ್ ಮಾಡಿ ಆನ್ ಮಾಡಿ. ಸೊನ್ನೆ ಆಗತ್ತೆ."

"ಆಗತ್ತೆ ಸಾರ್. ಅದು ಮರೆತಂಗೆ, ವಾಸಿಯಾದಂಗಲ್ಲ. ನಾಳೆ ಪೇಷಂಟ್ ಪಕ್ಕ ನಿಂತೋದ್ರೆ?"

"ನಾಲ್ಕಕ್ಕೆ ಲಾರಿ ಬರತ್ತೆ. ಅಷ್ಟರೊಳಗೆ ತಪ್ಪು ತೋರ್ಸಿ, ಇಲ್ಲಾ ಸೊನ್ನೆ ಮಾಡಿ ಸಹಿ ಹಾಕಿ."

ಅವಳಿಗೆ ಕೂರಲಾಗಲಿಲ್ಲ. ಅದೇ ಮಾದರಿಯ ಇನ್ನೊಂದು ಯಂತ್ರ ತಂದಳು. ಮೊದಲ ಎಚ್ಚರಿಕೆಗೇ ಎಲ್ಲ ಬಿಟ್ಟು ನಿಂತುಬಿಡುವಂತೆ ಅದಕ್ಕೆ ಅಪ್ಪಣೆ ಕೊಟ್ಟಳು. ನಿನ್ನೆ ಮಾಡಿದ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿದಳು. ಏನೂ ಆಗಲಿಲ್ಲ. ಗಡಿಯಾರ ನೋಡಿದಳು, ಕಿಟಕಿಗೆ ಹೋಗಿ ಬಂದಳು, ಚಹಾ ಬಗ್ಗಿಸಿಕೊಂಡು ಕುಡಿಯದೆ ಇಟ್ಟಳು. ನರ್ಸುಗಳ ಕೋಣೆಗೆ ಸುದ್ದಿ ಒಯ್ಯುವ ತಂತಿಯನ್ನು ಕಿತ್ತಳು, ಚುಚ್ಚಿದಳು. ಕಿತ್ತಳು, ಚುಚ್ಚಿದಳು.

"ಯಂತ್ರಕ್ಕೇ ತಲೆ ತಿರುಗತ್ತೆ, ಬಿಡೇ!" ಎಂದಳು ಸಿಯೂ-ಮೇ.

ಮೂರೂ ಮುಕ್ಕಾಲಿಗೆ, ತಂತಿ ಅರ್ಧ ಹೊರಗಿರುವಾಗ, ಯಂತ್ರ ದಢಕ್ಕನೆ ನಿಂತಿತು. ಪರದೆಯ ತುಂಬ ಬಿಳಿ ಅಕ್ಷರ. ಯೂ-ಜೆನ್ ಮೊದಲು ಹುಡುಕಿದ್ದು ಒಂದೇ ಮಾತನ್ನು: 'ಕಳಂಕವಿಲ್ಲ'. ಆ ಮಾತು ಅಲ್ಲಿತ್ತು! ಅಂದರೆ ಇದಕ್ಕೂ ಮೊದಲು ಯಾವ ತಪ್ಪೂ ಆಗಿಲ್ಲ, ಮೂಲ ಇದೇ. ಅದರ ಹತ್ತಿರವೇ ತಪ್ಪಿದ್ದ ಪ್ರೋಗ್ರಾಂ ಫೈಲಿನ ಹೆಸರೂ ಇತ್ತು.

ಫಾನ್ ಬಗ್ಗಿ ಓದಿದ. ಇನ್ನೊಮ್ಮೆ ಓದಿದ. ಕಿವಿ ಕೆಂಪಾಯಿತು.

"ಇದು... ನಾನ್ ಬರ್ದಿದ್ದು. ಮ್ಯಾನೇಜರ್ ಆಗೋಕ್ ಮುಂಚೆ."

ಯಾರೂ ನಗಲಿಲ್ಲ. ಸಿಯೂ-ಮೇ ಕೂಡ.

ಕೆಳಗೆ ಲಾರಿ ಹಾರ್ನ್ ಹಾಕಿತು. ಫಾನ್ ಫೋನ್ ತೆಗೆದ. "ಅಣ್ಣಾ, ಇವತ್ತು ಖಾಲಿ ಹೋಗಿ. ಇಲ್ಲ, ಸಹಿ ಆಗಿಲ್ಲ. ಆಗಲ್ಲ." ಆಮೇಲೆ ಕುರ್ಚಿ ಎಳೆದುಕೊಂಡು ಅವಳ ಮೇಜಿಗೇ ಬಂದು ಕೂತ. "ಎಲ್ಲಿಂದ ಶುರು ಮಾಡೋಣ ಅಕ್ಕಾ?"

ತಪ್ಪು ಒಮ್ಮೆ ಸಿಕ್ಕಿದ್ದು ಸಾಲದೆಂದು ಅವಳು ಯಂತ್ರವನ್ನು ಎಬ್ಬಿಸಿ, ಆಗಲೇ ತಂತಿ ಕೀಳತೊಡಗಿದ್ದಳು.