ಹೇಮಕ್ಕನ ಬಲಹೆಗಲು

ಕೊಲ್ಲಿ ದೇಶದ ಅಲ್ ಮುಂತಜಾ ಬಡಾವಣೆಯ ಹೇಮಲತಾ ಥ್ರೋಬಾಲ್ ಅಂಗಳಕ್ಕಿಳಿದರೆ ಎದುರಾಳಿಗಳ ಎದೆ ಡವಡವ ಎನ್ನುತ್ತಿತ್ತು. ವೆಸ್ಟ್ ಬೇಯ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಬೆನ್ನು ಬಾಗಿಸಿ ಕೂರುವ ಹೆಂಗಸು ಇವಳೇ ಎಂದರೆ ಯಾರೂ ನಂಬಲಿಕ್ಕಿಲ್ಲ, ಅಂಥ ಬಿರುಸಿನ ಸರ್ವಿಸ್. ಊರಿನವರ ಸಂಘದ ಪಂದ್ಯದಲ್ಲಿ ಈ ಸಲ ಮಗಳು ಗ್ರೀಷ್ಮಾ ಕೂಡ ಅದೇ ತಂಡದಲ್ಲಿದ್ದಳು. ಬೇಸಿಗೆ ಕಳೆದರೆ ಅವಳು ಮಂಗಳೂರಿನ ಕಾಲೇಜಿಗೆ. ಅಷ್ಟರೊಳಗೆ ಮಗಳ ಜೊತೆ ಒಂದಾದರೂ ಆಟ ಆಡಬೇಕೆಂದು ಹೇಮಲತಾ ಆಸೆಪಟ್ಟಿದ್ದಳು.

ಆಗಲೇ ಬಲಹೆಗಲು ಕೈಕೊಟ್ಟಿತು. ತೋಳು ಭುಜದ ಮಟ್ಟಕ್ಕೆ ಬಂದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಏನೂ ಹರಿದಿಲ್ಲ, ವ್ಯಾಯಾಮ ಮಾಡಿ ಎಂದರು ಡಾಕ್ಟರು. ಅವಳು ಕೇಳಬೇಕಲ್ಲ! ದುಪಟ್ಟಾವನ್ನು ಕುತ್ತಿಗೆಗೆ ಕಟ್ಟಿ ಕೈಯನ್ನು ಅದರಲ್ಲಿ ತೂಗುಹಾಕಿದಳು. ಬಾಚಣಿಗೆ, ಸೌಟು, ಮೌಸ್ ಎಲ್ಲ ಎಡಗೈಯ ಪಾಲಾದವು. ಬಡಿಸುವುದೊಂದು ಬಿಟ್ಟು. ಎಡಗೈಯಲ್ಲಿ ಊಟ ಕೊಡುವುದುಂಟೇ?

ಆ ಹಟವೇ ಅವಳನ್ನು ಕಾಪಾಡಿತು.

ಒಂದು ಶುಕ್ರವಾರ ಮೇಲಿನ ಮನೆಯ ಶರೀಫಾ ಊಟಕ್ಕೆ ಬಂದಿದ್ದಳು. ಪುತ್ತೂರಿನ ಬ್ಯಾರಿ ಹುಡುಗಿ, ಕ್ಲಿನಿಕ್ಕೊಂದರಲ್ಲಿ ಫಿಸಿಯೊಥೆರಪಿಸ್ಟ್. ಹೇಮಲತಾ ಸೋಫಾದ ಹಿಂದೆ ನಿಂತು, ಗಂಡ ರಿತೇಶನ ತಲೆಯ ಮೇಲಿಂದ ಕೋಳಿಸಾರು ಸುರಿದ ಕೋರಿರೊಟ್ಟಿಯ ತಟ್ಟೆಯನ್ನು ಬಲಗೈಯಲ್ಲೇ ಅವಳತ್ತ ಚಾಚಿದಳು.

"ಹೇಮಕ್ಕಾ, ಹಾಗೇ ನಿಲ್ಲಿ!"

"ಎಂತ ಮಾರಾಯ್ತಿ, ಹಲ್ಲಿ ಬಿತ್ತಾ?"

"ನಿಮ್ಮ ಕೈ ನೋಡಿ. ಹೆಗಲಿಗಿಂತ ಮೇಲೆ ಉಂಟು. ನೋಯ್ತದಾ?"

ನೋಯುತ್ತಿರಲಿಲ್ಲ! ತಲೆಗೆ ಸಾರು ಸುರಿದೀತೆಂದು ರಿತೇಶ ಮಾತ್ರ ಕುಗ್ಗಿ ಕೂತಿದ್ದ.

ಶರೀಫಾ ಎದ್ದು ಬಂದು ಅವಳ ಹೆಗಲ ಮೇಲೆ ಬೆರಳಿಟ್ಟಳು. "ಹೆಗಲು ಅಂದ್ರೆ ಒಂದೇ ಕೀಲಲ್ಲ. ತೋಳಿನ ಗುಂಡು ತಲೆ ಆಳ ಇಲ್ಲದ ಬಟ್ಟಲಲ್ಲಿ ಕೂತದ್ದು. ಕಾಲರ್ ಬೋನಿನ ಎರಡೂ ತುದಿಗೆ ಕೀಲುಂಟು. ಬೆನ್ನಿನ ಹಲಗೆ ಎಲುಬು ಪಕ್ಕೆಲುಬಿನ ಮೇಲೆ ಜಾರ್ತದೆ. ಎಲ್ಲ ಒಟ್ಟಿಗೆ ಹೋದ್ರೇ ಕೈ ಏಳುವುದು. ಇಗಾ, ಇಲ್ಲಿ ಮನೆಯ ಮಾಡಿನ ಹಾಗೆ ಒಂದು ಎಲುಬು. ಅದರ ಅಡಿಯ ಸಪೂರ ಸಂದಲ್ಲಿ ಸ್ನಾಯುವಿನ ತುದಿ ಹೋಗ್ತದೆ. ಬೆನ್ನು ಬಗ್ಗಿಸಿ, ಅಂಗೈ ಕೆಳಗೆ ಮಾಡಿ ಎತ್ತಿದ್ರೆ ಅದು ಸಿಕ್ಕಿ ಜಜ್ಜಿ ಹೋಗ್ತದೆ. ತಟ್ಟೆ ಹಿಡಿದಾಗ ಅಂಗೈ ಮೇಲೆ. ತೋಳಿನ ಎಲುಬಿನ ಉಬ್ಬು ಹಿಂದೆ ಸರೀತು, ದಾರಿ ಆಯ್ತು."

"ಈ ದುಪಟ್ಟಾ?"

"ಖಲಾಸ್! ಕಟ್ಟಿ ಹಾಕಿದ್ರೆ ಹೆಗಲು ಬಿಗಿದು ಕೂತ್ಕೊಳ್ತದೆ."

ಅಂದಿನಿಂದ ಹೇಮಲತಾ ಬೆನ್ನು ನೆಟ್ಟಗೆ ಮಾಡಿ, ಖಾಲಿ ತಟ್ಟೆ ಎತ್ತಿದ್ದೇ ಎತ್ತಿದ್ದು. ಮನೆಯವರು ನಕ್ಕರು. ಶರೀಫಾ ಹೇಳಿಕೊಟ್ಟ ವ್ಯಾಯಾಮ ಒಂದೊಂದಾಗಿ ಸೇರುತ್ತ ಹೋಯಿತು.

ಪಂದ್ಯದ ದಿನ ನಾಯಕಿ ಮಟಿಲ್ಡಾ ಅವಳನ್ನು ಬೆಂಚಿನಲ್ಲೇ ಕೂರಿಸಿದ್ದಳು. ಕೊನೆಯ ಘಟ್ಟದಲ್ಲಿ ಅಂಕಗಳು ಸಮವಾಗಿ, ಗೆಲ್ಲಲು ಒಂದೇ ಅಂಕ ಬೇಕಾದಾಗ, "ಹೇಮಾ, ಯಲ್ಲಾ, ಬಾ!" ಎಂದು ಸರ್ವಿಸ್‌ಗೆ ಕರೆದಳು. ಗ್ರೀಷ್ಮಾ ಗಾಬರಿಯಿಂದ ತಿರುಗಿ ನೋಡಿದಳು. ಹಳೆಯ ಬಿರುಸು ಗೊತ್ತಿದ್ದ ಎದುರಾಳಿಗಳು ಹಿಂದೆ ಸರಿದು ನಿಂತರು.

ಹೇಮಲತಾ ಬೆನ್ನು ನೆಟ್ಟಗೆ ಮಾಡಿ, ಚೆಂಡನ್ನು ಅಂಗೈ ಮೇಲಿಟ್ಟು, ತಟ್ಟೆ ಕೊಡುವವಳ ಹಾಗೆ ಮೇಲಕ್ಕೊಯ್ದು ತಳ್ಳಿದಳು. ಬಿರುಸೇ ಇರಲಿಲ್ಲ. ಚೆಂಡು ನೆಟ್ ದಾಟಿ, ಯಾರೂ ಇಲ್ಲದ ಮುಂಭಾಗದಲ್ಲಿ ಪುಸಕ್ಕನೆ ಬಿತ್ತು. ಗೆದ್ದರು!

ಗ್ರೀಷ್ಮಾ ಓಡಿ ಬಂದಳು. "ಅಮ್ಮಾ, ಪೇನ್ ಉಂಟಾ?"

"ಮಾಫಿ! ಚೂರೂ ಇಲ್ಲ" ಎಂದ ಹೇಮಲತಾ, ತನಗಿಂತ ಎತ್ತರ ಬೆಳೆದ ಮಗಳ ಕೊರಳಿಗೆ ಎರಡೂ ಕೈ ಎತ್ತಿ ಹಾಕಿದಳು.