ಮದರಾಸಿನಿಂದ ಹಿಂದಿರುಗಿದ್ದು

ಅಮೆರಿಕಕ್ಕೆಂದು ಹೊರಟ ನಾನು ಮದರಾಸಿನಿಂದಲೇ ವಾಪಸು ಬಂದೆ. ಕೃಷ್ಣರಾಜನಗರದ ರೈಲು ನಿಲ್ದಾಣದಲ್ಲಿ ಜನ ನನಗೆ ಹಾಕಿದ್ದ ಹಾರಗಳು ಅಷ್ಟು ಹೊತ್ತಿಗೆ ಒಣಗಿದ್ದವೋ ಇಲ್ಲವೋ.

ನಮ್ಮದು ಚುಂಚನಕಟ್ಟೆಯ ಹತ್ತಿರದ ಒಂದು ಊರು. ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಲಿಂಗಾಯತರ ಮನೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷ, ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿಜ್ಞಾನ ಓದಲು ನನಗೆ ವಿದ್ಯಾರ್ಥಿವೇತನ ಸಿಕ್ಕಿತು. ಆಗ ಐವತ್ತರ ದಶಕ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಸುತ್ತಿನ ಊರುಗಳಿಂದ ಸಮುದ್ರ ದಾಟಿದವರು ಯಾರೂ ಇರಲಿಲ್ಲ. ಏನು ಒಯ್ಯಬೇಕು, ಅಲ್ಲಿ ಹೇಗಿರಬೇಕು ಎಂದು ಹೇಳಿಕೊಡುವವರೂ ಇರಲಿಲ್ಲ. ಮೈಸೂರಿನ ದರ್ಜಿಯೊಬ್ಬ ಉಣ್ಣೆಯ ಸೂಟು ಹೊಲಿದ. ಗದ್ದೆಯ ಕೆಸರಿನಲ್ಲಿ ಬೆಳೆದ ನನ್ನ ಪಾದಗಳು ಅಂಗಡಿಯ ಯಾವ ಬೂಟಿಗೂ ಒಗ್ಗಲಿಲ್ಲ. ಕೊನೆಗೆ ಹುಣಸೂರಿನಲ್ಲಿ ಅಳತೆ ಕೊಟ್ಟು ಮಾಡಿಸಿದೆವು. ಅವ್ವ ಚಟ್ನಿಪುಡಿ ಕುಟ್ಟಿ ಡಬ್ಬಿಗೆ ತುಂಬಿದಳು. ಹೊಸ ಶಿವದಾರ ಹಾಕಿ, "ಅಲ್ಲಿ ಮಾಂಸದ ತಟ್ಟೆ ಪಕ್ಕದಲ್ಲೂ ಕೂರಬ್ಯಾಡ ಕಣ್ ಮಗಾ" ಎಂದಳು.

ಮುಳ್ಳುಚಮಚದಲ್ಲಿ ತಿನ್ನುವ ಅಭ್ಯಾಸ ಮಾಡಲು ಮನೆಯಲ್ಲಿದ್ದದ್ದು ರಾಗಿಮುದ್ದೆ ಮಾತ್ರ. ನಾನು ಮುದ್ದೆಯನ್ನು ಚುಚ್ಚಿ ಎತ್ತಲು ಹೋಗುವುದು, ಅದು ಚಮಚವನ್ನು ಕಚ್ಚಿಕೊಂಡು ಬಿಡದಿರುವುದು. ಅಕ್ಕ ಕಂಬಕ್ಕೆ ಒರಗಿ ನಗುತ್ತಿದ್ದಳು. ನಗುವಾಗಲೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ಅಕ್ಕನನ್ನು ಬೆಟ್ಟದಪುರದ ಕಡೆ, ಹೊಗೆಸೊಪ್ಪು ಬೆಳೆಯುವ ಮನೆಗೆ ಕೊಟ್ಟಿತ್ತು. ಕೆಲವು ವರ್ಷ ಇಟ್ಟುಕೊಂಡು, "ನಿಮ್ ಮಗ್ಳು ಕೆಲಸಗಳ್ಳಿ, ನಾಕ್ ಎಜ್ಜೆ ಇಟ್ರೆ ಕುಂತ್ಕತಾಳೆ" ಎಂದು ತಂದು ಬಿಟ್ಟುಹೋಗಿದ್ದರು. ಊರವರ ಎದುರು ಅವ್ವ ಬೀಗರನ್ನು ಬೈಯುತ್ತಿದ್ದಳು. ಒಳಗೆ, ಒಲೆಯ ಮುಂದೆ, ಅವಳೂ ಅದೇ ಮಾತನ್ನು ಆಡುತ್ತಿದ್ದಳು. ಅಕ್ಕ ತುಂಬಿದ ಕೊಡವನ್ನು ದಾರಿಯಲ್ಲಿ ಇಳಿಸಿ, ಸುಧಾರಿಸಿಕೊಂಡು, ಮತ್ತೆ ಎತ್ತಿಕೊಂಡು ಬರುತ್ತಿದ್ದಳು.

ಮದರಾಸಿನಲ್ಲಿ ವೀಸಾ ಕೊಡುವ ಮುಂಚೆ ವೈದ್ಯಕೀಯ ಪರೀಕ್ಷೆ ಇತ್ತು. ಎದೆಯ ಚಿತ್ರ ತೆಗೆದರು, ರಕ್ತ ತೆಗೆದರು, ಮಲವನ್ನೂ ಕೇಳಿದರು. ವರದಿ ಬಂದ ದಿನ ವೈದ್ಯರು, "ನಿಮ್ಮ ಹೊಟ್ಟೆಯಲ್ಲಿ ಕೊಕ್ಕೆಹುಳು ಇದೆ. ವಾಸಿ ಮಾಡಿಸಿಕೊಂಡು ಬನ್ನಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಸಭ್ಯವಾಗಿಯೇ ಹೇಳಿದರು. ಪಕ್ಕದ ಕುರ್ಚಿಯಲ್ಲಿ ನನ್ನಂತೆಯೇ ಹೊರಟಿದ್ದ ಒಬ್ಬ ಪಟ್ಟಣದ ಹುಡುಗನಿದ್ದ. ಅವನು ಕುರ್ಚಿಯನ್ನು ತುಸು ಆಚೆ ಸರಿಸಿಕೊಂಡ. ನನ್ನ ಹಡಗು ನನ್ನನ್ನು ಬಿಟ್ಟು ಹೋಯಿತು.

ಕೃಷ್ಣರಾಜನಗರದ ನಿಲ್ದಾಣದಲ್ಲಿ ಇಳಿಯುವ ಧೈರ್ಯವಾಗದೆ ಒಂದು ಸ್ಟೇಷನ್ನು ಮೊದಲೇ ಇಳಿದೆ. ಸೂಟಿನಲ್ಲಿ, ಬಿಸಿಲಿನಲ್ಲಿ, ಬೂಟು ಕಚ್ಚಿದ ಕಾಲಿನಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ನಮ್ಮೂರಿನದೇ ಗಾಡಿ ಬಂತು. ಗಾಡಿ ಹೊಡೆಯುತ್ತಿದ್ದ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅದೇನ್ಲಾ, ಇಷ್ಟ್ ಬಿರ್ನೆ ಓದ್ ಮುಗೀತಾ?"

ತಮಾಷೆಗೆ ಕೇಳಿದ್ದಲ್ಲ. ಅಮೆರಿಕ ಎಷ್ಟು ದೂರ ಎಂದು ಅವರಿಗೆ ಗೊತ್ತಿರಲಿಲ್ಲ. ಹಡಗು ತಡ ಎಂದೆ. ಅಪ್ಪನೂ ಊರಿಗೆಲ್ಲ ಅದನ್ನೇ ಹೇಳಿದ.

ಅವ್ವನಿಗೆ ನಿಜ ಹೇಳಲೇಬೇಕಾಯಿತು. ಕೇಳಿದವಳು ಕುಳಿತಲ್ಲೇ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. ಅದರ ತುಂಬ ಅಕ್ಕಿ ಇತ್ತು.

"ನನ್ ಕೈ ಅನ್ನದಾಗೆ ಉಳ ಇತ್ತಾ?"

"ಅನ್ನದಿಂದಲ್ಲ ಕಣವ್ವ. ಗದ್ದೆ ಬದಿನಲ್ಲಿ ಬಯಲಿಗೆ ಕೂರ್ತೀವಲ್ಲ, ಆ ಮಣ್ಣಲ್ಲಿ ಬರಿಗಾಲಲ್ಲಿ ಓಡಾಡ್ತೀವಲ್ಲ, ಕಾಲಿಂದ ಒಳಕ್ಕೆ ಹೋಯ್ತದೆ."

"ಕಾಲಿಂದ ಒಟ್ಟೆಗೆ ಎಂಗ್ ಹೋದಾದು? ನನ್ ಸಮಾಧಾನಕ್ಕೆ ಯೋಳ್ಬ್ಯಾಡ ಬುಡು."

ಅಂದಿನಿಂದ ಅವಳು ಕೇರಿದ ಅಕ್ಕಿಯನ್ನೇ ಮತ್ತೆ ಕೇರುತ್ತಿದ್ದಳು. ಅದನ್ನು ನೋಡುವುದು ಮದರಾಸಿಗಿಂತ ಕಷ್ಟವಾಗಿತ್ತು.

ಕೃಷ್ಣರಾಜನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಇತ್ತು. ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಿಸಿ, ಮೇಲೆ ಭೇದಿಯ ಉಪ್ಪು ಕುಡಿಸುತ್ತಿದ್ದರು. ಆಮೇಲೆ ಮತ್ತೆ ಮಲದ ಪರೀಕ್ಷೆ. ಸಾಲಿನಲ್ಲಿ ನಿಂತಿದ್ದಾಗ ಕಾಂಪೌಂಡರು, "ಅಮೆರಿಕದ ಸ್ವಾಮ್ಯೋರು ಎಲ್ಲಿ? ಡಬ್ಬಿ ತಂದಿದ್ದೀರಾ?" ಎಂದು ಕೂಗಿದರು. ಕೈಯಲ್ಲಿ ಡಬ್ಬಿ ಹಿಡಿದು ಮುಂದೆ ಹೋದೆ. ನನ್ನನ್ನು ಬೀಳ್ಕೊಡುವ ಸಭೆಗೆ ಅಧ್ಯಕ್ಷರಾಗಿದ್ದ ಅಕ್ಕಿ ಗಿರಣಿಯ ಯಜಮಾನರು ಅಲ್ಲೇ ಬೆಂಚಿನ ಮೇಲಿದ್ದರು. ಅವರು ಏನೂ ಕೇಳಲಿಲ್ಲ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ನನ್ನ ಮರ್ಯಾದೆ ಕಾಪಾಡಲೆಂದೇ ಹಾಗೆ ಮಾಡಿದ್ದು. ಕೇಳಿಬಿಟ್ಟಿದ್ದರೆ ವಾಸಿಯಿತ್ತು.

ಮನೆಯವರನ್ನೆಲ್ಲ ಕರೆತನ್ನಿ ಎಂದರು ಡಾಕ್ಟರು. ಅಪ್ಪ ಗಾಡಿ ಕಟ್ಟಿದ. ಎಲ್ಲರಿಗೂ ಹುಳುವಿತ್ತು. ಅಕ್ಕನ ಸರದಿ ಬಂದಾಗ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಕೈಯನ್ನು ಹಾಗೇ ಇಟ್ಟುಕೊಂಡು ನಿಂತರು. ಒಳಗೆ ಬೆಳ್ಳಗಿತ್ತು, ಒಗೆದ ಪಂಚೆಯ ಹಾಗೆ.

"ಎಷ್ಟು ವರ್ಷದಿಂದ ಹೀಗಿದ್ದಾರೆ?"

"ಇವ್ಳು ಮೊದ್ಲಿಂದ್ಲೂ ಅಂಗೇ ಸ್ವಾಮಿ, ಒಸಿ ಸೋಮಾರಿ" ಎಂದ ಅಪ್ಪ.

"ಸೋಮಾರಿ ಅಲ್ಲ ಯಜಮಾನ್ರೇ. ರಕ್ತ ಇಲ್ಲ. ಇಷ್ಟು ಕಮ್ಮಿ ರಕ್ತದಲ್ಲಿ ನಾನಾಗಿದ್ದರೆ ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಇವರು ಮನೆಕೆಲಸ ಮಾಡಿದ್ದಾರೆ."

ಅಪ್ಪ ಹೆಗಲ ಮೇಲಿನ ವಲ್ಲಿಯನ್ನು ಕೈಗೆ ತೆಗೆದುಕೊಂಡು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಅಕ್ಕ ನೆಲ ನೋಡುತ್ತಿದ್ದಳು. ಅಲ್ಲಿಯವರೆಗೆ ನನಗಾದ ನಾಚಿಕೆಯೆಲ್ಲ ಸೂಟಿನದು, ಡಬ್ಬಿಯದು, ಜನ ಏನಂದಾರು ಎಂಬುದು. ಆ ಕೋಣೆಯಲ್ಲಿ ಆದದ್ದು ಬೇರೆ. ಅದನ್ನು ಬಚ್ಚಿಡಲು ಹೊರಗಿನವರು ಯಾರೂ ಇರಲಿಲ್ಲ, ಅದು ಇದ್ದದ್ದು ಅಕ್ಕನಿಗೂ ನಮಗೂ ನಡುವೆ.

ಹುಳು ಹೋಗಿ, ಕಬ್ಬಿಣದ ಔಷಧಿ ಕುಡಿದು, ಮಳೆಗಾಲದ ಹೊತ್ತಿಗೆ ಅಕ್ಕನ ತುಟಿಗೆ ಬಣ್ಣ ಬಂತು. ಕೊಡವನ್ನು ಎಲ್ಲೂ ಇಳಿಸದೆ ತರುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪ ನನ್ನನ್ನು ಕರೆದುಕೊಂಡು ಹುಣಸೂರು, ಪಿರಿಯಾಪಟ್ಟಣದ ಮೇಲೆ ಬಸ್ಸಿನಲ್ಲಿ ಬೆಟ್ಟದಪುರಕ್ಕೆ ಹೊರಟ. ಬೀಗರು ಜಗಲಿಯಲ್ಲಿದ್ದರು. ಕೈಕಾಲಿಗೆ ನೀರು ತಂದುಕೊಟ್ಟವಳು ನಮಗೆ ಗುರುತಿಲ್ಲದ ಹೆಂಗಸು. ಕೊರಳಲ್ಲಿ ಹೊಸ ತಾಳಿ. ಭಾವ ಒಳಗಿನಿಂದ ಬರಲೇ ಇಲ್ಲ. ಅಪ್ಪನಿಗೆ ಅರ್ಥವಾಯಿತು. ಎದ್ದು ಬರುತ್ತಾನೆ ಎಂದುಕೊಂಡೆ. ಅವನು ಏಳಲಿಲ್ಲ.

"ನನ್ ಮಗ್ಳು ಕೆಲಸಗಳ್ಳಿ ಆಗಿರ್ನಿಲ್ಲ ಬೀಗ್ರೇ. ಅವ್ಳಿಗೆ ಕಾಯ್ಲೆ ಇತ್ತು. ನಿಮ್ಗೂ ಗೊತ್ತಾಗ್ನಿಲ್ಲ, ಹೆತ್ತೋರು ನಮ್ಗೂ ಗೊತ್ತಾಗ್ನಿಲ್ಲ."

"ಈಗ ಯೋಳಿ ಏನ್ ಬಂತು ಬೀಗ್ರೇ? ಆಗೋದು ಆಗೋಯ್ತಲ್ಲ."

"ಏನೂ ಬರೋದ್ ಬ್ಯಾಡ. ಆ ಮಾತು ಈ ಜಗಲಿ ಮೇಲೆ ಉಟ್ತು. ಇಲ್ಲೇ ಸಾಯ್ಲಿ ಅಂತ ಬಂದೆ."

ನೀರು ಮುಟ್ಟದೆ ಹೊರಟೆವು. ಊರು ಹತ್ತಿರ ಬಂದಾಗ ಅಪ್ಪ, ಅಕ್ಕನಿಗೆ ನೀನೇ ಹೇಳು ಎಂದ.

ಅಕ್ಕ ಹಿತ್ತಲಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದಳು. ನಾನು ಮಾತಿಗೆ ತಡವರಿಸುತ್ತಿದ್ದರೆ ಅವಳೇ ಕೇಳಿದಳು.

"ಆ ಉಡುಗಿ ಎಂಗವ್ಳೆ?"

"ನಿಂಗೆ ಗೊತ್ತಿತ್ತಾ ಅಕ್ಕ?"

"ಬಳೆಗಾರ ಯೋಳಿದ್ದ. ಆಗ್ಲೇ ವರ್ಸಾಯ್ತು."

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ಯೋಳಿದ್ರೆ ಅಪ್ಪ ಅಲ್ಲೀಗಂಟ ಓಯ್ತಿರ್ನಿಲ್ಲ ಕಣೋ. ಯಾರಾನಾ ಒಂದ್ಸಲ ಓಗಿ ಯೋಳ್ಲಿ ಅಂತಿತ್ತು ನಂಗೆ." ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದಳು. "ಚೆಂದಾಗಿ ಯೋಳುದ್ನಾ?"

ಹೇಳಿದ ಎಂದೆ. ಅವಳ ಮುಖ ನೋಡಿ ಹೇಳಲು ಆಗಲಿಲ್ಲ.

ಆಮೇಲೆ ನನ್ನ ಪರೀಕ್ಷೆ ಸರಿಯಾಗಿ ಬಂತು, ವೀಸಾ ಸಿಕ್ಕಿತು, ಮುಂದಿನ ವರ್ಷ ಹೊರಟೆ. ಅಮೆರಿಕದಲ್ಲಿ ಜೊತೆಯವರು ಮನೆಯ ವಿಷಯ ಕೇಳಿದಾಗ ಒಬ್ಬ ಅಕ್ಕ ಇದ್ದಾಳೆ ಎನ್ನುತ್ತಿದ್ದೆ. ಅವಳು ಏನು ಮಾಡುತ್ತಾಳೆ ಎಂದರೆ ಮೊದಮೊದಲು ಮಾತು ತಪ್ಪಿಸುತ್ತಿದ್ದೆ. ಅಷ್ಟರಲ್ಲಿ ಅವಳು ನಾಲೆಯಂಚಿನ ಗದ್ದೆಯನ್ನು ತಾನೇ ಮಾಡಿಸಲು ಶುರುಮಾಡಿದ್ದಳು. ನಮ್ಮ ಮನೆಯಲ್ಲಿ ಬೇಸಾಯ ಮಾಡುವವಳು ಅಕ್ಕ ಎಂದು ನೇರವಾಗಿ ಹೇಳಲು ನನಗೆ ಅಲ್ಲಿನ ಎರಡನೆಯ ಚಳಿಗಾಲ ಬರಬೇಕಾಯಿತು.