ಅವರ ಕೈಯ ತಡ

ಡಿಸೆಂಬರಿನಲ್ಲಿ ಅಟ್ಟ ಗುಡಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಈ ಸಲ ಕೈಗೊಂದು ಕೆಲಸ ಬೇಕಿತ್ತು, ಅಷ್ಟೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಟ್ಟ ಪ್ಲಾಸ್ಟಿಕ್ ಡೋಲು ಕೆಳಗೆ ಬಂತು. ಬಿಚ್ಚಿದೆ. ನುಸಿಗುಳಿಗೆಯ ಜೊತೆ ಹೊಸ ರಬ್ಬರಿನ ವಾಸನೆ ಇನ್ನೂ ಉಳಿದಿತ್ತು. ಅದರ ಹಿಂದೆಯೇ ಮುಂಬೈಯ ಘಾಟ್ಕೋಪರಿನ ಅಂಗಡಿಯೂ ನೆನಪಿಗೆ ಬಂತು.

ಅದು ವಿಡಿಯೋ ಗೇಮ್ ಮಾರುವ ಅಂಗಡಿ. ದೀಪಾವಳಿಯಿಂದ ಹೊಸ ವರ್ಷದವರೆಗೆ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಹಾಗಾಗಿ ರಜೆಯ ಮಟ್ಟಿಗೆ ಎಂದು ನನ್ನನ್ನು ತೆಗೆದುಕೊಂಡಿದ್ದರು. ನಾನು ಹನ್ನೆರಡನೆಯ ಕ್ಲಾಸು ಪಾಸಾದವಳು, ವಿಜಯಪುರದ ಕಡೆಯಿಂದ ಬಂದ ವಾಚ್‌ಮನ್‌ನ ಮಗಳು. ವಿಡಿಯೋ ಗೇಮಿನ ವಿಷಯದಲ್ಲಿ ನನ್ನ ಜ್ಞಾನ ಎಷ್ಟಿತ್ತೆಂದರೆ, ಮೊದಲ ದಿನವೇ ಒಬ್ಬ ಗಿರಾಕಿ ಬಂದು ‘ಪ್ರಿ-ಓನ್ಡ್’ ಇದೆಯಾ ಎಂದು ಕೇಳಿದಾಗ, ಓನರ್ ಊಟಕ್ಕೆ ಹೋಗಿದ್ದಾರೆ ಎಂದು ಹಿಂದಿಯಲ್ಲಿ ಹೇಳಿ ಕಳಿಸಿದ್ದೆ. ಒಮ್ಮೆ ಆಡಿದ ಹಳೆಯ ಆಟಗಳಿಗೆ ಆ ಹೆಸರು ಎಂದು ಸಂಜೆ ಮ್ಯಾನೇಜರ್ ಸರ್ ವಿವರಿಸಿದರು. ವಿವರಿಸುವಾಗ ನಗು ತಡೆಯಲು ಅವರು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು. ಅಪ್ಪನ ಜೊತೆ ನಾನು ಫೋನಿನಲ್ಲಿ ಮಾತಾಡುವುದನ್ನು ಕೇಳಿದ ಮೇಲೆ ನನ್ನೊಡನೆ ಕನ್ನಡದಲ್ಲೇ ಮಾತಾಡತೊಡಗಿದರು. ಮೈಸೂರಿನ ಕನ್ನಡ, ನಿಧಾನದ್ದು. ಅವರ ಎಲ್ಲವೂ ನಿಧಾನ. ಸ್ಟೇಷನ್ನಿನಲ್ಲಿ ಬಂದ ಲೋಕಲನ್ನು ಬಿಟ್ಟು ಮುಂದಿನದಕ್ಕೆ ಕಾಯುವ ಮನುಷ್ಯನನ್ನು ಮುಂಬೈಯಲ್ಲಿ ನಾನು ಮೊದಲು ನೋಡಿದ್ದು ಅವರನ್ನೇ.

ಬಂದವರೆಲ್ಲ ಕ್ರಿಕೆಟ್ಟು, ಕಾರು, ಬಂದೂಕು ಕೇಳುತ್ತಿದ್ದರು. ಸರ್‌ಗೆ ಮಾತ್ರ ಯಾರೂ ಕೇಳದ ತಾಳದ ಆಟಗಳ ಹುಚ್ಚು. ಒಂದರಲ್ಲಿ ಮೂಲಂಗಿಗಳು ಕವಾಯತು ಮಾಡುತ್ತಿದ್ದವು. ಇನ್ನೊಂದರಲ್ಲಿ ಸಾಲಾಗಿ ನಿಂತ ಬೆಕ್ಕುಗಳು ಕಲ್ಲಿಗೆ ಬಟ್ಟೆ ಒಗೆಯುತ್ತಿದ್ದವು. ಸಂಗೀತದ ತಾಳಕ್ಕೆ ಸರಿಯಾಗಿ ನಾವು ಡೋಲು ಹೊಡೆದರೆ ಬಟ್ಟೆ ಬೆಳ್ಳಗಾಗುತ್ತದೆ, ತಪ್ಪಿದರೆ ಬೆಕ್ಕಿನ ಮುಖಕ್ಕೆ ನೊರೆ. ಬಾಗಿಲ ಹತ್ತಿರದ ಟಿವಿಗೆ ಅದನ್ನು ಹಚ್ಚಿಟ್ಟಿದ್ದರು. ಜನ ನಿಂತು ಆಡುತ್ತಿದ್ದರು, ಎಲ್ಲರಿಗೂ ನೊರೆಯೇ. ಆಟ ಕೆಟ್ಟಿದೆ ಎಂದು ಹೋಗುತ್ತಿದ್ದರು.

ಕೆಟ್ಟದ್ದೇನು ಎಂದು ನನಗೆ ತಿಳಿಯಲು ಒಂದು ವಾರ ಹಿಡಿಯಿತು. ಆಟಕ್ಕೆ ಮೊದಲು ಒಂದು ಅಳತೆ ಕೊಡಬೇಕು. ಟಕ್, ಟಕ್ ಎಂದು ಸದ್ದು ಬರುತ್ತದೆ, ಅದರ ಜೊತೆ ಹದಿನಾರು ಸಲ ಡೋಲು ಹೊಡೆಯಬೇಕು. ನಮ್ಮ ಏಟು ಎಷ್ಟು ಹಿಂದೆ ಬೀಳುತ್ತದೆಂದು ಯಂತ್ರ ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಒಂದು ಅಂಕಿ ತೋರಿಸಿ, ಆಟವನ್ನೆಲ್ಲ ಅದಕ್ಕೆ ಹೊಂದಿಸಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಆ ಹದಿನಾರು ಏಟು ಹೊಡೆಯುತ್ತಿದ್ದವರು ಸರ್. ಅವರ ಅಂಕಿ ತೊಂಬತ್ತು. ಅಂದರೆ ಸರ್‌ನಷ್ಟೇ ತಡವಾಗಿ ಹೊಡೆದವರು ಮಾತ್ರ ಗೆಲ್ಲಬಹುದಿತ್ತು, ಅಂಥವರು ಇಡೀ ಘಾಟ್ಕೋಪರಿನಲ್ಲಿ ಇರಲಿಲ್ಲ.

“ಆಟ ಚಲೋ ಐತ್ರಿ ಸರ್. ನಿಮ್ಮ ಕೈ ತಡಾ ಐತಿ” ಎಂದೆ.

ಕೆಲಸ ಹೋಯಿತೆಂದುಕೊಂಡೆ. ಅವರು ಕೋಲುಗಳನ್ನು ನನ್ನ ಕೈಗೆ ಕೊಟ್ಟರು. ನನಗೆ ಹನ್ನೆರಡು ಬಂತು. ಮರುದಿನದಿಂದ ಆ ಕೆಲಸ ನನ್ನದು. ಜನ ಗೆದ್ದು ಕೊಳ್ಳತೊಡಗಿದರು, ಹೊಸ ವರ್ಷದ ಹೊತ್ತಿಗೆ ಬೆಕ್ಕಿನ ಆಟದ ಒಂದೇ ಪೆಟ್ಟಿಗೆ ಉಳಿದಿತ್ತು. ಅದನ್ನು ಅವರೇ ಕೊಂಡರು.

ಆ ಪೆಟ್ಟಿಗೆ ಇರುವ ಮನೆಗೆ ಎರಡು ವರ್ಷದ ಮೇಲೆ ಮದುವೆಯಾಗಿ ನಾನೂ ಬಂದೆ. ಅಳತೆ ಕೊಡಲು ಕೋಲು ಎತ್ತಿದರೆ ತಡೆದರು. “ಅಂಗಡೀಲಿ ನಿನ್ನ ಕೈ, ಮನೇಲಿ ನನ್ನ ಕೈ.” ಹೀಗಾಗಿ ತಡ ಮಾಡುವುದನ್ನು ನಾನು ಕಲಿಯಬೇಕಾಯಿತು. ಸುಲಭ ಎಂದುಕೊಳ್ಳಬೇಡಿ. ಪೆಟ್ಟು ಕಿವಿಗೆ ಬಿದ್ದ ಮೇಲೂ ಕೈಯನ್ನು ಒಂದಿಷ್ಟು ಹಿಡಿದಿಡಬೇಕು. ಎಷ್ಟು ಎನ್ನುವುದನ್ನು ಪಕ್ಕದಲ್ಲಿ ಕೂತ ಅವರ ಉಸಿರು ನೋಡಿ ತಿಳಿಯಬೇಕು. ಅಂಗಡಿ ಮುಚ್ಚಿತು, ಅವರು ಬಾಂದ್ರಾದ ಆಫೀಸೊಂದಕ್ಕೆ ಹೋಗತೊಡಗಿದರು. ರವಿವಾರದ ಆಟ ಮಾತ್ರ ನಿಲ್ಲಲಿಲ್ಲ.

ಈ ಜೂನಿನಲ್ಲಿ ಅವರು ಆಫೀಸಿನ ಕುರ್ಚಿಯಲ್ಲಿ ಕೂತಲ್ಲೇ ಹೋದರು. ಅದೊಂದಕ್ಕೆ ಮಾತ್ರ ತಡ ಮಾಡಲಿಲ್ಲ. ಡೋಲನ್ನು ಸುತ್ತಿ ಅಟ್ಟಕ್ಕೆ ಹಾಕಿದೆ. ಕರ್ಮಕ್ಕೆಂದು ಮೈಸೂರಿನಿಂದ ಬಂದ ಅತ್ತೆ ವಾಪಸು ಹೋಗಲಿಲ್ಲ, ಹೋಗಿ ಎಂದು ನಾನೂ ಹೇಳಲಿಲ್ಲ.

ಡೋಲು ನೋಡಿದ ಅತ್ತೆ, ಅವನದಲ್ವೇನೇ, ಹಾಕು ನೋಡೋಣ ಎಂದರು. ಹಾಕಿದೆ. ಅತ್ತೆ ಹೊಡೆದದ್ದಕ್ಕೆಲ್ಲ ಬೇಗ ಆಯಿತು, ಬೇಗ ಆಯಿತು ಎಂದು ಪರದೆ ಹೇಳಿತು. ಬೆಕ್ಕುಗಳ ಮುಖವೆಲ್ಲ ನೊರೆ.

“ನಲವತ್ತು ವರ್ಷ ಭಜನೆಗೆ ತಾಳ ಹಾಕಿದ ಕೈ ಕಣೇ ಇದು. ನನಗೆ ತಾಳ ಹೇಳಿಕೊಡೋಕೆ ಇದ್ಯಾರು? ರಿಪೇರಿಗೆ ಕೊಡು.”

ನಾಲ್ಕು ದಿನ ಏನೇನೋ ನೆಪ ಹೇಳಿದೆ. ಅವರ ಅಂಗಿಗಳನ್ನು ಕೊಟ್ಟಾಗಿತ್ತು, ಮೊಬೈಲ್ ಬಂದ್ ಮಾಡಿಸಿಯಾಗಿತ್ತು. ಅವರ ಕೈ ಉಳಿದದ್ದು ಆ ತೊಂಬತ್ತರಲ್ಲಿ ಮಾತ್ರ. ಹೊಸ ಅಳತೆ ಕೊಟ್ಟರೆ ಹಳೆಯದು ಅಳಿಯುತ್ತದೆ, ಎರಡಕ್ಕೆ ಅದರಲ್ಲಿ ಜಾಗವಿಲ್ಲ. ಐದನೆಯ ದಿನ ಅತ್ತೆ ಮತ್ತೆ ಕೋಲು ಹಿಡಿದು ಕೂತಾಗ ಇದ್ದದ್ದನ್ನು ಹೇಳಿಬಿಟ್ಟೆ.

ಅತ್ತೆ ಕೋಲುಗಳನ್ನು ಕೆಳಗಿಟ್ಟರು.

“ಹುಟ್ಟೋಕೂ ಹತ್ತು ದಿನ ತಡ ಮಾಡಿದ್ದ” ಎಂದರು. ಆಮೇಲೆ, “ಅಳಿಸು. ನೀನೇ ಹೊಡಿ.”

ಹದಿನಾರು ಏಟು ಹೊಡೆದೆ. ಪರದೆಯ ಮೇಲೆ ಎಂಬತ್ತನಾಲ್ಕು ಬಂತು.

“ನಿನಗೆ ಹನ್ನೆರಡು ಬರುತ್ತಿತ್ತು ಅಂದ್ಯಲ್ಲ?”

“ಹೌದ್ರಿ.”

ಅತ್ತೆ ನನ್ನ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಅಲ್ಲೇನೋ ಬರೆದಿರುವ ಹಾಗೆ ನೋಡಿದರು. ನಾನು ಕೋಲುಗಳನ್ನು ಅವರಿಗೆ ಕೊಟ್ಟೆ. ಇನ್ನು ಯಾರ ಅಳತೆ ಇಟ್ಟರೂ ನನಗೆ ಭಯವಿರಲಿಲ್ಲ. ಅತ್ತೆಗೆ ಎಂಟು ಬಂತು. ಅದನ್ನೇ ಉಳಿಸಿದೆವು.

ಅತ್ತೆಯ ಬೆಕ್ಕುಗಳು ಒಂದು ರಾಶಿ ಬಟ್ಟೆಯನ್ನು ಮಲ್ಲಿಗೆಯ ಹಾಗೆ ಒಗೆದು ಹಾಕಿದವು. ನನ್ನ ಸರದಿ ಬಂದಾಗ ಪ್ರತಿ ಏಟಿಗೂ ಪರದೆ ತಡ, ತಡ ಎಂದಿತು. ತಿದ್ದಿಕೋ ಎಂದು ಅತ್ತೆ ಹೇಳಲಿಲ್ಲ, ನಾನು ತಿದ್ದಿಕೊಳ್ಳಲೂ ಇಲ್ಲ.